ಕೂಸಪ್ಪನ ದೇಣಿಗೆ

ಕೂಸಪ್ಪ ಸತ್ತ ಸುದ್ದಿ ಮತದಾನ ಮುಗಿಯುವವರೆಗೆ ಊರಿಗೆ ಹೋಗಬಾರದು ಎಂದು ಮುಝಫ್ಫರ್ ಸಾಹೇಬರು ಹೇಳಿದಾಗ ಲಿಂಗರಾಜು ತಲೆಯಾಡಿಸಿದ. ಅರಬ್ ದೇಶದ ಜಿಜಾನ್ ಪಟ್ಟಣದ ಆ ಕಂಪನಿಯ ಮಾಲೀಕರು ಭಟ್ಕಳದ ಸಾಹೇಬರು. ಲೆಕ್ಕಪತ್ರ ನೋಡುವವನು ಮಂಡ್ಯದ ಲಿಂಗರಾಜು. ಸಾಹೇಬರ ಭಾವ ಊರಿನಲ್ಲಿ ಚುನಾವಣೆಗೆ ನಿಂತಿದ್ದರು.

ವಿದೇಶಿ ಕಂಪನಿ ಭಾರತದ ಚುನಾವಣೆಗೆ ಹಣ ಕೊಡುವಂತಿಲ್ಲ. ಭಾರತದ ಪ್ರಜೆ ತನ್ನ ಖಾತೆಯಿಂದ ಕೊಡಬಹುದು. ಹಾಗಾಗಿ ಕಂಪನಿಯ ಹಣ ಕೆಲಸಗಾರರ ಖಾತೆ ಹೊಕ್ಕು, ಅವರವರ ದೇಣಿಗೆಯಾಗಿ ಪಕ್ಷಕ್ಕೆ ಹೊರಡುತ್ತಿತ್ತು. ವೆಲ್ಡರ್ ಕೂಸಪ್ಪನ ದೇಣಿಗೆ ಹೊರಟದ್ದು ಮಾತ್ರ ಅವನು ಆಸ್ಪತ್ರೆಯ ಶವಾಗಾರ ಸೇರಿದ ಮೇಲೆ.

"ಎಂತ ಮಾರಾಯ, ಹೆದರ್ತೀಯಾ? ಪಕ್ಷದ ಆಫೀಸಿನವರು ಫೋನ್ ಮಾಡಿ, ಕೊಟ್ಟದ್ದು ನೀವೇನಾ ಅಂತ ಕೇಳ್ತಾರಂತೆ. ನೀ ಅವನ ರೂಮಿನವ. ಅವನ ಹಾಗೆ ಎರಡು ಮಾತಾಡು. ನಿನ್ನ ಇಕಾಮಾ ಹೊಸದು ಮಾಡಿಸುವ, ಆಮೇಲೆ ಹೆಣವೂ ಕಳಿಸುವ," ಎಂದರು ಸಾಹೇಬರು.

ಆ ವಾಸದ ಪರವಾನಗಿ ಇಲ್ಲದೆ ಈ ದೇಶದಲ್ಲಿ ಉಳಿಯುವಂತಿರಲಿಲ್ಲ. ಸತ್ತವನ ಫೋನು ಬಡಿದುಕೊಂಡಾಗ ಲಿಂಗರಾಜು ಎತ್ತಿದ. ಕೂಸಪ್ಪನಂತೆ ಮೊದಲು ಸಣ್ಣಗೆ ಕೆಮ್ಮಿ, "ಹಾಂ, ನಾನೇ ಕೊಟ್ಟದ್ದು ಮಾರಾಯ್ರೇ," ಎಂದ. ಆ ಕಡೆಯವರು ಧನ್ಯವಾದ ಹೇಳಿ ಇಟ್ಟರು.

ಪಕ್ಕದ ಮಂಚದ ಉಮ್ಮರಬ್ಬ ಎದ್ದು ಕುಳಿತಿದ್ದ. "ತಮಾಷೆ ಸಾಕು ಮಾರಾಯ, ನಿಲ್ಸು."

"ನಿಲ್ಸಿದೆ ಅಲ್ವಾ?" ಎಂದ ಲಿಂಗರಾಜು. ಕೂಸಪ್ಪನದೇ ಧ್ವನಿ. ಗಂಟಲು ತಿಕ್ಕಿದ, ನೀರು ಕುಡಿದ. ಕೆಮ್ಮೂ ಕೂಸಪ್ಪನದೇ ಬಂತು.

ಫೋನು ಮತ್ತೆ ಬಡಿದುಕೊಂಡಿತು. ಕೂಸಪ್ಪನ ಹೆಂಡತಿ ಚಂದ್ರಮತಿ. ಗಂಡ ಜ್ವರದಿಂದ ಆಸ್ಪತ್ರೆಯಲ್ಲಿದ್ದಾನೆಂದು ಸಾಹೇಬರು ಅವಳನ್ನು ನಂಬಿಸಿದ್ದರು. ಎತ್ತಬಾರದು ಎಂದುಕೊಳ್ಳುತ್ತಲೇ ಲಿಂಗರಾಜುವಿನ ಕೈ ಎತ್ತಿತು.

"ಅಯ್ಯೋ, ಅಂತೂ ಸಿಕ್ಕಿದ್ರಲ್ಲ! ಆಸ್ಪತ್ರೆಯವ್ರು ಫೋನೂ ಕೊಡುದಿಲ್ವಾ?"

ಅವನು ಕೆಮ್ಮಿದ.

"ಇದೆಂತ ಉಸಿರು ನಡುಗ್ತದೆ? ಚಳಿಯಾ?"

ಕಿಟಕಿಯಾಚೆ ಮಧ್ಯಾಹ್ನದ ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಲಿಂಗರಾಜುವಿನ ಹಲ್ಲು ಕಟಕಟ ಎನ್ನುತ್ತಿತ್ತು. ರಾಂಗ್ ನಂಬರ್ ಎನ್ನಲು ಅವನು ಬಾಯಿ ತೆರೆದ.

"ಹೌದು ಚಂದ್ರಾ, ವಿಪರೀತ ಚಳಿ. ನಾನು ಸತ್ತು ತಿಂಗಳಾಯ್ತು. ಹೇಳ್ಲಿಕ್ಕೆ ಬಿಡ್ಲಿಲ್ಲ ಇವ್ರು. ನನ್ನನ್ನು ಊರಿಗೆ ಕರೆಸಿಕೋ."

ಆ ಕಡೆ ಅಳು ಒಡೆಯಿತು. ಉಮ್ಮರಬ್ಬ ಗೋಡೆಗೆ ಒರಗಿ ಪಿಸುಗುಟ್ಟುತ್ತ ಪ್ರಾರ್ಥಿಸುತ್ತಿದ್ದ.

ಇನ್ನು ತನಗೆ ಇಕಾಮಾ ಇಲ್ಲ ಎಂದು ಲಿಂಗರಾಜುವಿಗೆ ಗೊತ್ತಾಯಿತು. ಫೋನು ಕೆಳಗಿಟ್ಟು, ಮೆಲ್ಲಗೆ ತನ್ನ ಹೆಸರು ಹೇಳಿ ನೋಡಿದ. ಅದು ಅವನದೇ ಧ್ವನಿಯಲ್ಲಿ ಬಂತು.