ಹಳದಿ ಪಟ್ಟಿಯ ಒರಳು

“ತಂಗಿ, ಉಡುಪಿಯಾಗ ನಿಮ್ಮ ಮನಿ ಮಠದ ಹತ್ರನ ಏನು?”

ಕಾಶಿಬಾಯಿ ಹಾಗೆ ಕೇಳಿದಾಗ ವ್ಯಾನು ಕ್ವೀನ್ಸ್‌ಬರೋ ಸೇತುವೆಯ ನಡುವಿನಲ್ಲಿತ್ತು. ದೀಕ್ಷಿತಾ ಮೈಕನ್ನು ಬಾಯಿಯಿಂದ ದೂರ ಹಿಡಿದು, “ಸ್ವಲ್ಪ ದೂರ ಆಂಟಿ, ಸಮುದ್ರದ ಬದಿ,” ಎಂದಳು. ಮತ್ತೆ ಮೈಕು ಹತ್ತಿರ ತಂದು ಎಡಗಡೆಗೆ ಕೈ ತೋರಿಸಿದಳು. ಸೇತುವೆಯ ಪಕ್ಕದಲ್ಲೇ ತಂತಿಗೆ ತೂಗಿಕೊಂಡು ಕೆಂಪು ಟ್ರಾಮೊಂದು ನದಿ ದಾಟುತ್ತಿತ್ತು. ಒಂಬತ್ತು ಜನ ಹಿರಿಯರು ಒಟ್ಟಿಗೆ ಆ ಕಡೆ ವಾಲಿದರು.

“ಅದರಾಗ ಕೂಡಸೋದಿಲ್ಲೇನು ನಮ್ಮನ್ನ?” ಎಂದರು ಕಾಶಿಬಾಯಿಯ ಗಂಡ ಗದಿಗೆಪ್ಪ.

“ಅದರಾಗ ಬಾಥರೂಮಿಲ್ಲ. ನೀವು ಸುಮ್ಮ ಕೂಡ್ರಿ,” ಎಂದರು ಕಾಶಿಬಾಯಿ.

ಹಿಂದಿನ ಸೀಟುಗಳಿಂದ ನಗು ಬಂತು. ಬೆಳಿಗ್ಗೆ ಬ್ರಿಡ್ಜ್‌ವಾಟರ್ ಬಿಟ್ಟಾಗಿನಿಂದ ಗುಂಪು ಹೀಗೇ ಇತ್ತು. ವಾಲ್ ಸ್ಟ್ರೀಟಿನ ಹತ್ತಿರ ಕಂಚಿನ ಗೂಳಿಯ ಮುಂದೆ ನಿಂತು ಗದಿಗೆಪ್ಪ, “ನಮ್ಮ ಬಸವಣ್ಣ ಆರಾಮ ಕುಂತಿರ್ತಾನ. ಇಲ್ಲಿದು ಹಾಯಾಕ ಬರತೈತಲ್ಲ, ಏನ್ ಕಷ್ಟ ಇದಕ್ಕ?” ಎಂದು ಕೇಳಿದ್ದರು. ಬಂದರಿನ ಕಟ್ಟೆಯಲ್ಲಿ ಎಲ್ಲರೂ ಅರ್ಧ ಗಂಟೆ ಕೂತು ದೂರದ ಪ್ರತಿಮೆ ನೋಡಿದ್ದರು. ಯಾರೂ ಬೇಸರಪಟ್ಟಿರಲಿಲ್ಲ. ಗುಂಪಿನ ಮುಂದಾಳು ಮೃತ್ಯುಂಜಯ ಔಷಧಿ ಕಂಪನಿಯೊಂದರಲ್ಲಿ ಮೂವತ್ತು ವರ್ಷ ಗುಣಮಟ್ಟ ಪರೀಕ್ಷೆ ಮಾಡಿ ನಿವೃತ್ತರಾದವರು. ಅವರೂ ಎರಡು ಸಲ “ಎಕ್ಸಲೆಂಟ್ ಅರೇಂಜ್‌ಮೆಂಟ್ ರೀ” ಎಂದಿದ್ದರು.

ಮೃತ್ಯುಂಜಯರ ಮಾತಿಗೆ ತೂಕವಿತ್ತು. ಸಂಜೆ ಅವರು ಹಿಕ್ಸ್‌ವಿಲ್ಲಿನಲ್ಲಿರುವ ಮುಕುಂದ್‌ಗೆ ಏನು ಹೇಳುತ್ತಾರೋ ಅದರ ಮೇಲೆ ಈ ಟೂರು ಉಳಿಯಬೇಕು. ಮುಕುಂದ್ ವ್ಯಾನಿನ ಮಾಲೀಕ. ಊರಿಂದ ಬಂದ ತಂದೆತಾಯಿಗಳನ್ನು ಔಟ್‌ಲೆಟ್ ಮಾಲಿಗೂ ನಯಾಗರಕ್ಕೂ ಕರೆದೊಯ್ಯುವುದು ಅವನ ವ್ಯಾಪಾರ. ದೀಕ್ಷಿತಾ ಅವನ ಆಫೀಸಿನಲ್ಲಿ ಎರಡು ವರ್ಷ ಫೋನೆತ್ತಿದ್ದಳು. ರಜೆಯ ದಿನಗಳಲ್ಲಿ ಓದಿ ಗೈಡ್ ಲೈಸೆನ್ಸ್ ತೆಗೆದುಕೊಂಡಳು. ಬೆಳಿಗ್ಗೆ ಮ್ಯಾನ್‌ಹಟನ್, ಮಧ್ಯಾಹ್ನ ಎಲ್ಮ್‌ಹರ್ಸ್ಟಿನಲ್ಲಿ ಥಾಯ್ ಜನರ ಬೀದಿತಿಂಡಿ, ಎಲ್ಲ ಸಸ್ಯಾಹಾರ: ಇದು ಅವಳದೇ ಯೋಚನೆ. ಈ ಗುಂಪು ಒಪ್ಪಿದರೆ ಪ್ರತಿ ಶನಿವಾರ ವ್ಯಾನು ಅವಳದು. ಇಲ್ಲದಿದ್ದರೆ ವ್ಯಾನು ಮಾಲಿಗೆ, ಅವಳು ಫೋನಿಗೆ.

ಜಾಹೀರಾತಿನಲ್ಲಿ ‘ಉಡುಪಿಯ ಹುಡುಗಿಯ ಜೊತೆ’ ಎಂದು ಸೇರಿಸಿದವನು ಮುಕುಂದ್. “ಉಡುಪಿ ಅಂದ್ರೆ ಸಾಕು, ಕಣ್ಮುಚ್ಚಿ ತಿಂತಾರೆ. ನೀವೇನೂ ಸುಳ್ಳು ಹೇಳ್ತಿಲ್ವಲ್ಲ,” ಎಂದಿದ್ದ. ಸುಳ್ಳಾಗಿರಲಿಲ್ಲ. ಅವಳ ಮನೆ ಮಲ್ಪೆಯಲ್ಲಿ. ಅಪ್ಪನಿಗೆ ದೋಣಿ ಇತ್ತು. ಅಮ್ಮ ಇಪ್ಪತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿದ್ದಳು.

ಥಾಯ್ ಜನರ ಬೌದ್ಧ ಮಂದಿರದ ಹಿತ್ತಲಲ್ಲಿ ವಾರಾಂತ್ಯ ಮಾತ್ರ ಅಂಗಡಿಗಳು ಏಳುತ್ತವೆ. ನೀಲಿ ಟಾರ್ಪಾಲಿನ ಕೆಳಗೆ ಮಡಚುವ ಮೇಜು, ಗ್ಯಾಸ್ ಒಲೆ, ಪ್ಲಾಸ್ಟಿಕ್ ಕುರ್ಚಿ. ದೀಕ್ಷಿತಾ ಐದು ಶನಿವಾರ ಇಲ್ಲಿಗೆ ಬಂದು ಒಂದೊಂದು ಅಂಗಡಿಯಲ್ಲೂ ನಿಂತು ಕೇಳಿದ್ದಳು. ಮೀನಿನ ಸಾಸಿಲ್ಲದೆ ಏನೇನು ಆಗುತ್ತದೆ, ಒಣ ಸಿಗಡಿ ಎಲ್ಲೆಲ್ಲಿ ಬೀಳುತ್ತದೆ, ಯಾವ ಎಣ್ಣೆ, ಯಾವ ಸೌಟು. ಕಾಯಿ ಪಪ್ಪಾಯಿ ಕೋಸಂಬರಿಯ ಅಂಗಡಿಯ ಹೆಂಗಸಿಗೆ ಎಲ್ಲರೂ ಪಾ ನೊಯ್ ಎನ್ನುತ್ತಿದ್ದರು. ಪಾ ಎಂದರೆ ದೊಡ್ಡಮ್ಮ. ಅವಳಿಗಾಗಿ ದೀಕ್ಷಿತಾ ಹೊಸ ಮಣ್ಣಿನ ಒರಳನ್ನೇ ಕೊಂಡು ತಂದು, ಕಂಠಕ್ಕೆ ಹಳದಿ ಪಟ್ಟಿ ಅಂಟಿಸಿ ಕೊಟ್ಟಿದ್ದಳು. ಥಾಯ್ ಜನರಿಗೆ ಹಳದಿ ಮೀನು ಮಾಂಸವಿಲ್ಲದ ವ್ರತದೂಟದ ಗುರುತು. ಬೇರೆ ಮಾತು ಬೇಕಾಗಿರಲಿಲ್ಲ.

ಪಾ ನೊಯ್ ಹಳದಿ ಪಟ್ಟಿಯ ಒರಳಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ಬೆಲ್ಲ ಹಾಕಿ ಮರದ ಪುಟ್ಟ ಒನಕೆಯಿಂದ ಕುಟ್ಟಿದಳು. ಹುರಿದ ಶೇಂಗಾ ಹಾಕಿದಳು. ನಿಂಬೆಹಣ್ಣು ಹಿಂಡಿ, ಎಳೆ ಎಳೆಯಾಗಿ ಹೆಚ್ಚಿದ ಪಪ್ಪಾಯಿ ಸೇರಿಸಿ, ಒಂದು ಕೈಯಲ್ಲಿ ಚಮಚದಿಂದ ಮಗುಚುತ್ತ ಇನ್ನೊಂದು ಕೈಯಲ್ಲಿ ಕುಟ್ಟುತ್ತ ಹೋದಳು. ಟೊಕ್, ಟೊಕ್ ಎಂಬ ಸದ್ದಿಗೆ ಹೆಂಗಸರೆಲ್ಲ ಹತ್ತಿರ ಬಂದರು.

“ಸೊಂಟ ನೋಡ್ರಿ ಆಕಿದು. ಕುಟ್ಟಾಕ ಕಲತ ಕೈ ಅದು,” ಎಂದರು ಕಾಶಿಬಾಯಿ. ಮೊದಲ ತಟ್ಟೆ ಅವರಿಗೇ ಸಿಕ್ಕಿತು. ಒಂದು ತುತ್ತು ತಿಂದು ಕಣ್ಣು ಕಿರಿದು ಮಾಡಿದರು. ಇನ್ನೊಂದು ತುತ್ತು ತಿಂದರು. “ಖಾರ ಅಂದ್ರ ಖಾರ. ಹನ್ನೊಂದು ವರ್ಷಾತು ಈ ದೇಶಕ್ಕ ಬಂದು. ಮಿಕ್ಸರಿನ್ಯಾಗಿಂದ ತಿಂದ ತಿಂದ ಬಾಯಿ ಸತ್ತು ಹೋಗಿತ್ತು. ನಮ್ಮವ್ವ ಒಳ್ಳಿನ್ಯಾಗ ಕುಟ್ಟತಿದ್ದ ಮೆಣಸಿನಕಾಯಿ ರಂಜಕ ಹಿಂಗ ಇರತಿತ್ತು, ತಂಗಿ.”

ತಟ್ಟೆಗಳು ಕೈಯಿಂದ ಕೈಗೆ ಹೋದವು. ಮೃತ್ಯುಂಜಯ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಫೋನು ತೆಗೆದರು. “ಮುಕುಂದ್‌ಗ ಈಗ ಮೆಸೇಜ್ ಹಾಕತೀನಿ ನೋಡ್ರಿ. ಪ್ರತಿ ತಿಂಗಳು ಒಂದು ಬ್ಯಾಚ್ ಕಳಸಬಹುದು ನಾವು.”

ಕೊನೆಯ ತಟ್ಟೆ ದೀಕ್ಷಿತಾಳದು. ಬಾಯಿಯ ಹತ್ತಿರ ತಂದವಳು ಹಾಗೇ ನಿಂತಳು.

ನಿಂಬೆಯ ಕೆಳಗೆ, ಬೆಳ್ಳುಳ್ಳಿಯ ಕೆಳಗೆ, ಬಹಳ ತೆಳುವಾಗಿ ಇನ್ನೊಂದು ವಾಸನೆ ಇತ್ತು. ಅದು ಬಾಟಲಿಯ ಸಾಸಿನದಲ್ಲ. ಪಾ ನೊಯ್ ಬಾಟಲಿ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಅದು ಮಣ್ಣಿನೊಳಗಿಂದ ಬರುವ ವಾಸನೆ. ಅವಳ ಮನೆಯಲ್ಲಿ ಮೀನು ಬೇಯಿಸುವ ಮಣ್ಣಿನ ಬಿಸಲೆ ಬೇರೆ, ನಾಗನಿಗೆ ತಂಬಿಲ ಪೂಜೆ ಕೊಡುವ, ಮೀನಿಲ್ಲದ ದಿನದ ಪಾತ್ರೆ ಬೇರೆ. ಆ ಪಾತ್ರೆಯನ್ನು ಅಟ್ಟದಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದರು. ಬಿಸಲೆಯನ್ನು ಬೂದಿ ಹಾಕಿ ತಿಕ್ಕಲಿ, ಬಿಸಿಲಿಗೆ ಇಡಲಿ, ಒಳಗೆ ಇಳಿದದ್ದು ಹೋಗುವುದಿಲ್ಲ ಎಂದು ಅಮ್ಮ ಕಣ್ಣು ಮುಚ್ಚಿಸಿ ಮೂಸಿಸಿ ಕಲಿಸಿದ್ದಳು.

ಅವಳು ಮೇಜನ್ನು ಸುತ್ತಿಕೊಂಡು ಹಿಂದೆ ಹೋದಳು. ಕೆಳಗೆ, ರಟ್ಟಿನ ಪೆಟ್ಟಿಗೆಯಲ್ಲಿ, ಪಾ ನೊಯ್‌ಳ ಹಳೆಯ ಒರಳು ಎರಡು ಹೋಳಾಗಿ ಬಿದ್ದಿತ್ತು.

“ಇದು ಯಾವಾಗ ಒಡೆಯಿತು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಬೆಳಿಗ್ಗೆ,” ಎಂದಳು ಪಾ ನೊಯ್. “ನನ್ನ ತಂಗಿ ಅವಸರದಲ್ಲಿ ಪಟ್ಟಿ ನೋಡಲಿಲ್ಲ. ಎರಡು ಆರ್ಡರು ನಿನ್ನ ಒರಳಲ್ಲಿ ಕುಟ್ಟಿಬಿಟ್ಟಳು, ಏಡಿ, ಮೀನಿನ ಸಾಸು ಹಾಕಿದ್ದು. ಆಮೇಲೆ ನಾನೇ ತೊಳೆದೆ. ಬಿಸಿನೀರಲ್ಲಿ, ಮೂರು ಸಲ.” ಮೂರು ಬೆರಳು ತೋರಿಸಿದಳು. ಅವಳ ಮುಖದಲ್ಲಿ ಕಳ್ಳತನವಿರಲಿಲ್ಲ.

ದೀಕ್ಷಿತಾ ತಿರುಗಿ ನೋಡಿದಳು. ಒಂಬತ್ತು ಜನರಲ್ಲಿ ಐದು ಜನ ಆಗಲೇ ತಿಂದಿದ್ದರು. ಯಾರ ಮೂಗಿಗೂ ಏನೂ ತಟ್ಟಿರಲಿಲ್ಲ, ತಟ್ಟುವುದೂ ಇಲ್ಲ. ಮೃತ್ಯುಂಜಯರ ಹೆಬ್ಬೆರಳು ಫೋನಿನ ಮೇಲೆ ಓಡುತ್ತಿತ್ತು. ಕಾಶಿಬಾಯಿ ತಟ್ಟೆಯ ಅಂಚಿನ ರಸವನ್ನು ಚಮಚದಲ್ಲಿ ಬಳಿಯುತ್ತಿದ್ದರು. ಅವರ ಸೀರೆಯ ಸೆರಗಿನಂಚಿನಲ್ಲಿ, ಕೊರಳ ದಾರದಲ್ಲಿ, ಲಿಂಗದ ಬೆಳ್ಳಿ ಕರಡಿಗೆ ಕಾಣುತ್ತಿತ್ತು.

“ಆಂಟಿ, ಅದನ್ನು ಬಿಡಿ,” ಎಂದಳು. “ಎಲ್ಲರೂ ತಟ್ಟೆ ಕೆಳಗಿಡಿ, ದಯವಿಟ್ಟು. ಸಾಸು ಹಾಕಲಿಲ್ಲ. ಆದರೆ ಆ ಒರಳಲ್ಲಿ ಬೆಳಿಗ್ಗೆ ಏಡಿ, ಮೀನಿನ ಸಾಸು ಕುಟ್ಟಿದ್ದಾರೆ. ತೊಳೆದಿದ್ದಾರೆ. ಮಣ್ಣು ಅಲ್ವಾ, ತೊಳೆದರೆ ಹೋಗುವುದಿಲ್ಲ.”

ಒಬ್ಬರು ಕಾಗದದ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕಸದ ಡಬ್ಬಿಯತ್ತ ಹೋದರು. ಕಾಶಿಬಾಯಿ ತಟ್ಟೆ ಮೇಜಿನ ಮೇಲಿಟ್ಟು, ಗಂಡನ ಚೀಲದಿಂದ ನೀರಿನ ಬಾಟಲಿ ತೆಗೆದು, ಬೇಲಿಯ ಪಕ್ಕ ನಿಂತು ಬಾಯಿ ಮುಕ್ಕಳಿಸಿದರು. ಬಹಳ ಹೊತ್ತು ಮುಕ್ಕಳಿಸಿದರು. ಆಮೇಲೆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದರು.

“ಪ್ಯೂರ್ ವೆಜ್ ಅಂತ ಬರದೀರಿ,” ಎಂದರು ಮೃತ್ಯುಂಜಯ. ದನಿ ಏರಿಸಲಿಲ್ಲ. “ಉಡುಪಿ ಹುಡುಗಿ ಅಂತ ಬರದೀರಿ. ಅದನ್ನ ನೋಡಿ ಮಂದಿ ಬಂದಾರ್ರೀ.”

“ಹೌದು ಅಂಕಲ್.”

“ಮತ್ತ ನಿಮಗ ಹೆಂಗ ಗೊತ್ತಾತು? ಯಾರೂ ಹೇಳಿಲ್ಲ, ನಿಮಗ ಹೆಂಗ ಗೊತ್ತಾತು?”

ಆಫೀಸಿನಲ್ಲಿ ಫೋನೆತ್ತುವ ಕುರ್ಚಿ ಅವಳ ಕಣ್ಣ ಮುಂದೆ ಬಂತು, ಅದರ ಹರಿದ ಕೈಯ ಸಮೇತ. “ನಮ್ಮದು ಮೀನು ಹಿಡಿಯುವ ಮನೆ,” ಎಂದಳು. “ಅಪ್ಪನದು ದೋಣಿ. ಅಮ್ಮ ಮೀನು ಮಾರುತ್ತಿದ್ದರು. ನಾನು ಮೀನು ತಿಂದೇ ಬೆಳೆದದ್ದು. ಉಡುಪಿ ಅಂದಾಗ ನೀವು ಬೇರೆ ತಿಳಿದುಕೊಂಡಿರಿ. ನನಗೆ ಗೊತ್ತಿತ್ತು, ನಾನು ಸರಿ ಮಾಡಲಿಲ್ಲ. ಆ ತಪ್ಪು ನನ್ನದು, ಪಾ ನೊಯ್‌ದಲ್ಲ.”

ಮೃತ್ಯುಂಜಯ ಫೋನಿನಲ್ಲಿ ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದರು. ಅಳಿಸಿ ಜೇಬಿಗೆ ಹಾಕಿಕೊಂಡರು. “ವ್ಯಾನಿಗೆ ಹೋಗೋಣು,” ಎಂದರು. ಮೂರು ಜನ ಆಗಲೇ ಗೇಟಿನತ್ತ ಹೊರಟಿದ್ದರು.

ಗದಿಗೆಪ್ಪ ಮಾತ್ರ ಕುರ್ಚಿಯಿಂದ ಏಳಲಿಲ್ಲ. “ಮೃತ್ಯುಂಜಯ, ಒಂದು ವಿಚಾರ ಮಾಡು,” ಎಂದರು. “ಈಕಿ ಜಾಗಾದಾಗ ಖರೇನ ಒಬ್ಬ ಉಡುಪಿ ಭಟ್ಟರು ಬಂದಿದ್ದರ ಅಂತಿಟ್ಕೋ. ಅವರು ಏನ್ ಮಾಡತಿದ್ದರು?”

“ಏನ್ ಮಾಡತಿದ್ದರು?”

“ನಮ್ಮ ಜೋಡಿ ಕುಂತು ಎರಡು ಪ್ಲೇಟ್ ತಿಂತಿದ್ದರು.”

ಮೃತ್ಯುಂಜಯ ನಗಲಿಲ್ಲ. ಆದರೆ ಮುಂದೆ ಹೆಜ್ಜೆ ಇಡಲೂ ಇಲ್ಲ. ಮೂವತ್ತು ವರ್ಷ ಮಾತ್ರೆಗಳ ಬ್ಯಾಚು ನೋಡಿದ ಮನುಷ್ಯ ಒಡೆದ ಒರಳಿನ ಪೆಟ್ಟಿಗೆಯ ಹತ್ತಿರ ಬಗ್ಗಿ, ಹೋಳೊಂದನ್ನು ಎತ್ತಿ ಮೂಸಿ ನೋಡಿದರು. ಹಳದಿ ಪಟ್ಟಿಯ ಒರಳನ್ನೂ ಮೂಸಿದರು. ಎರಡನೆಯದರಲ್ಲಿ ಅವರಿಗೆ ಏನೂ ಸಿಕ್ಕಲಿಲ್ಲವೆಂದು ಮುಖ ಹೇಳುತ್ತಿತ್ತು.

ಕಾಶಿಬಾಯಿ ಬೇಲಿಯಿಂದ ತಿರುಗಿ ಬಂದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. “ಸೇತುವೆ ಮ್ಯಾಲ ಕೇಳಿದಾಗ ಸಮುದ್ರದ ಬದಿ ಅಂದಿ,” ಎಂದರು.

“ಹೌದು ಆಂಟಿ. ಪೂರ್ತಿ ಹೇಳಲಿಲ್ಲ.”

“ಹೇಳಬೇಕಾಗಿತ್ತು.”

“ಹೌದು.”

“ತಿಳೀದ ಆದದ್ದು, ಆತು. ತಿಳಿದ ಮ್ಯಾಲ ಬಾಯಿ ತೊಳಕೊಂಡ್ನಿ.” ಅವರು ಪಾ ನೊಯ್‌ಳತ್ತ ನೋಡಿದರು. ಅವಳು ಕೈ ಜೋಡಿಸಿ ತಲೆ ಬಗ್ಗಿಸಿ ನಿಂತಿದ್ದಳು. ಕಾಶಿಬಾಯಿಯೂ ಕೈ ಜೋಡಿಸಿದರು. “ಮುಂದ ಏನೈತಿ?”

ದೀಕ್ಷಿತಾ ಹಳದಿ ಪಟ್ಟಿಯನ್ನು ಒರಳಿನಿಂದ ಕಿತ್ತು ಜೇಬಿಗೆ ಹಾಕಿಕೊಂಡು ಮುಂದೆ ನಡೆದಳು. ಎಷ್ಟು ಜನ ಹಿಂದೆ ಬರುತ್ತಿದ್ದಾರೆಂದು ತಿರುಗಿ ಎಣಿಸಲಿಲ್ಲ.

ಮೂರನೆಯ ಅಂಗಡಿಯಲ್ಲಿ ಒಬ್ಬ ಮುದುಕ ಗುಂಡಿ ಗುಂಡಿಯ ಕಬ್ಬಿಣದ ಹಂಚಿಗೆ ಅಕ್ಕಿಹಿಟ್ಟು, ತೆಂಗಿನಹಾಲು ಹೊಯ್ಯುತ್ತಿದ್ದ. “ಪಡ್ಡಿನ ಹಂಚು,” ಎಂದರು ಹಿಂದಿನಿಂದ ಯಾರೋ. ಮುದುಕ ಆರು ಪಡ್ಡುಗಳನ್ನು ತೆಗೆದು ಬಾಳೆಲೆಯ ದೊನ್ನೆಗೆ ಹಾಕಿ ಕಾಶಿಬಾಯಿಯ ಕೈಗೆ ಕೊಟ್ಟ. ಹಬೆ ಏಳುತ್ತಿತ್ತು. ಅವರು ಚಮಚ ಎತ್ತಿಕೊಂಡರು. ಮತ್ತೆ ಇಳಿಸಿದರು.

ದೊನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು, ದೀಕ್ಷಿತಾಳ ಮೂಗಿನ ಹತ್ತಿರ ಎತ್ತಿ, ಕಾದು ನಿಂತರು. ಪಕ್ಕದಲ್ಲಿ ಮೃತ್ಯುಂಜಯರೂ ತಮ್ಮ ದೊನ್ನೆ ಹಿಡಿದು ಸರದಿಯಲ್ಲಿ ನಿಂತಿದ್ದರು.