ದೋಣಿ ನಡುನೀರಿಗೆ ಬಂದಾಗ

"ಎಲ್ಲಿ ಹೋತು ಇದರ ಜೀವ?"

ಜಯಪಾಲ ಕೇಳಿದ್ದು ಯಾರನ್ನೂ ಅಲ್ಲ. ಕವಲಾಪುರದ ದ್ರಾಕ್ಷಿ ತೋಟಗಳು ಹಿಂದೆ ಬಿದ್ದಿದ್ದವು, ಸಾಂಗಲಿ ಇನ್ನೂ ಮುಂದಿತ್ತು. ನಡುವಿನ ರಸ್ತೆಯಲ್ಲಿ ಅವನ ಹಳೆಯ ಮೋಟರ್‌ಸೈಕಲ್ಲು ನಿಂತಿತ್ತು. ಅಲ್ಲಿಯವರೆಗೆ ಬರೋಬ್ಬರಿ ಓಡಿದ ಗಾಡಿ. ಇದ್ದಕ್ಕಿದ್ದಂತೆ ಎಳೆಯುವುದು ಕಡಿಮೆಯಾಗಿ, ರೇಸ್ ತಿರುವಿದಷ್ಟೂ ಮುಗ್ಗರಿಸಿ, ಕಡೆಗೆ ಸುಮ್ಮನಾಗಿಬಿಟ್ಟಿತು.

ಹಿಂದಿನ ಸೀಟಿನಿಂದ ಇಳಿದ ಹೆಂಡತಿ ಚಂದ್ರಾಬಾಯಿ ಸೆರಗು ಸರಿಮಾಡಿಕೊಂಡು, "ಅದಕ್ಕ ಕೇಳಿದ್ರ ಅದು ಹೇಳ್ತದೇನ್ರಿ?" ಅಂದಳು.

ಅವನು ಟಾಕಿಯ ಮುಚ್ಚಳ ತೆಗೆದು ಇಣುಕಿದ. ಪೆಟ್ರೋಲು ಬೇಕಾದಷ್ಟಿತ್ತು. ಮುಚ್ಚಳ ಹಾಕಿ ಕಿಕ್ ಹೊಡೆದ. ಗಾಡಿ ಏನೂ ಆಗಿಲ್ಲವೆಂಬಂತೆ ಸುರುವಾಯಿತು.

ಚಾತುರ್ಮಾಸ ಹಿಡಿದಾಗಿನಿಂದ ಇದೇ ಪಾಡು. ದಿನಾ ಇಳಿಹೊತ್ತಿಗೆ ಇಬ್ಬರೂ ಮಿರಜಿಗೆ ಹೋಗುತ್ತಿದ್ದರು. ಅಲ್ಲಿ ಚಂದ್ರಾಬಾಯಿಯ ಅಕ್ಕ ಅನುಸೂಯಾಬಾಯಿಗೆ ಲಕ್ವಾ ಹೊಡೆದು, ಬಲಗೈಯ ಜೊತೆಗೆ ಮಾತೂ ಹೋಗಿತ್ತು. ಅಕ್ಕತಂಗಿಯರಿಗೆ ತಾಯಿ ಬಾಯಿಂದ ಬಾಯಿಗೆ ಕಲಿಸಿದ ಒಂದು ಪದ್ಯಕಥೆ ಇತ್ತು. ಒಬ್ಬ ವ್ಯಾಪಾರಿ ಮನೆ ಬಿಡುತ್ತಾನೆ, ದೋಣಿ ಹತ್ತುತ್ತಾನೆ, ದೋಣಿ ನಡುನೀರಿನಲ್ಲಿ ತೂಗಾಡುತ್ತದೆ, ಅವನು ಭಗವಂತನನ್ನು ನೆನೆಯುತ್ತಾನೆ, ದಡ ಸೇರುತ್ತಾನೆ. ಚಂದ್ರಾಬಾಯಿ ಹಾಸಿಗೆಯ ಬದಿಗೆ ಕುಳಿತು ಅದನ್ನು ಹೇಳುತ್ತ, ಪ್ರತಿ ಪದ್ಯದ ಕೊನೆಯ ಮಾತನ್ನು ನುಂಗಿಕೊಂಡು ಕಾಯುತ್ತಿದ್ದಳು. ಅಕ್ಕನ ತುಟಿ ಅಲುಗುತ್ತಿತ್ತು. ಕೆಲವು ದಿನಗಳಿಂದ ಗಂಟಲಿನಲ್ಲಿ ಸ್ವರ ಏಳತೊಡಗಿತ್ತು. ನಡುವೆ ಗಾಡಿ ಕೈಕೊಟ್ಟು ಒಂದು ವಾರ ಹೋಗಲಾಗಲಿಲ್ಲ. ಆಮೇಲೆ ಹೋಗಿ ನೋಡಿದರೆ ಆ ಸ್ವರವೂ ಅಡಗಿತ್ತು. ಮತ್ತೆ ಅದನ್ನು ಎಬ್ಬಿಸುವುದರಲ್ಲಿ ಸಾಕುಬೇಕಾಗಿತ್ತು.

ಮಗ ಸಂಮೇದ ನಿನ್ನೆ ಹೇಳಿಬಿಟ್ಟಿದ್ದ: "ಬಾಬಾ, ಗಾಡಿ ಮಾರತೀನಂತ ಬೇಡಗದ ಜ್ಯೋತೆಪ್ಪಗ ಮಾತ ಕೊಟ್ಟೇನಿ. ಐತವಾರ ಬಂದು ಗಾಡಿ ಒಯ್ತಾನ. ರಸ್ತಾದಾಗ ಹಿಂದ ಟ್ರಕ್ ಬಂದ್ರ ನಿಮ್ಮಿಬ್ಬರ ಗತಿ ಏನು? ಮಿರಜಿಗೆ ಮಾವಶಿ ಕಡೆ ವಾರಕ್ಕೊಮ್ಮೆ ನಾನ ಕರಕೊಂಡ ಹೋಗ್ತೀನಿ."

ತಪ್ಪು ಮಾತೇನಲ್ಲ. ಆದರೆ ವಾರಕ್ಕೊಮ್ಮೆ ಹೋದರೆ ಅಕ್ಕನ ಮಾತು ಬರುವುದಿಲ್ಲವೆಂದು ಜಯಪಾಲನಿಗೆ ಗೊತ್ತಿತ್ತು. ಇವತ್ತು ಶನಿವಾರ.

ಜಯಪಾಲನಿಗೆ ಪದ್ಯ ಹೇಳಲು ಬರುತ್ತಿರಲಿಲ್ಲ. ಹೇಳುವವರ ಮನೆಯಲ್ಲಿ ಹುಟ್ಟಿ ಕೇಳುವುದನ್ನೇ ಕಲಿತವನು. ಗಾಡಿ ಓಡಿಸುವಾಗಲೂ ಅವನ ಒಂದು ಕಿವಿ ಹಿಂದಿನ ಸೀಟಿನ ಮೇಲೆಯೇ ಇರುತ್ತಿತ್ತು. ಮನೆಯ ಹೊಸ್ತಿಲು ದಾಟಿದೊಡನೆ ಚಂದ್ರಾಬಾಯಿ ಪದ್ಯ ಹಿಡಿಯುತ್ತಿದ್ದಳು. ತುಂಡಾದರೆ ನಡುವಿನಿಂದ ಹಿಡಿಯುವ ಹಾಗಿಲ್ಲ, ಮೊದಲಿನಿಂದಲೇ. ಈಗಲೂ ಗಾಡಿ ಹೊರಟೊಡನೆ ವ್ಯಾಪಾರಿ ಮತ್ತೆ ಮನೆ ಬಿಟ್ಟ, ಮತ್ತೆ ದೋಣಿ ಹತ್ತಿದ. ಸಾಂಗಲಿ ದಾಟುವ ಹೊತ್ತಿಗೆ ದೋಣಿ ನಡುನೀರಿಗೆ ಬಂತು. ಗಾಡಿ ಮುಗ್ಗರಿಸಿ ನಿಂತಿತು.

ಈ ಸಲ ಜಯಪಾಲ ಮುಚ್ಚಳಕ್ಕೆ ಕೈ ಹಾಕಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ಚಂದ್ರಾ, ನಿನ್ನೆ ಗಾಡಿ ನಿಂತಾಗ ಪದ್ಯ ಎಲ್ಲಿಗೆ ಬಂದಿತ್ತ?"

"ದೋಣಿ ನಡುನೀರಾಗಿತ್ತು."

"ಮೊನ್ನೆ?"

"ಅಲ್ಲೇ." ಅವಳಿಗೂ ಸೋಜಿಗವಾಯಿತು. "ಅಯ್ಯ, ಈ ಗಾಡಿ ಮ್ಯಾಲೆ ಕುಂತು ನಾ ಆ ದೋಣಿ ದಡಕ್ಕ ಹಚ್ಚೇ ಇಲ್ಲ ನೋಡ್ರಿ. ಒಂದ ದಿನ ಹಚ್ಚಿದ್ನಿ. ಪಂಪಿನಾಗ ಪೆಟ್ರೋಲ ಹಾಕ್ಸಿದ್ವಲ್ಲ, ಅವತ್ತು. ಅಲ್ಲಿ ನಾ ಬಾಯಿ ನಿಲ್ಲಸಿರಲಿಲ್ಲ."

ಪಂಪಿನಲ್ಲಿ ಮುಚ್ಚಳ ತೆಗೆದಿದ್ದರು. ಜಯಪಾಲ ಬಗ್ಗಿ, ಟಾಕಿಗೆ ಕಿವಿ ಹಚ್ಚಿ, ಮೆಲ್ಲಗೆ ಮುಚ್ಚಳ ಸಡಿಲಿಸಿದ. ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ದಿನವೂ ಆಗುತ್ತಿದ್ದ ಸಪ್ಪಳವೇ ಇರಬೇಕು, ಅವನು ಪೆಟ್ರೋಲು ನೋಡುವ ಅವಸರದಲ್ಲಿ ಕೇಳಿರಲಿಲ್ಲ.

ಗಾಡಿಯನ್ನು ಸೀದಾ ಕುಪವಾಡಕ್ಕೆ ತಿರುಗಿಸಿದ. ಕಾರ್ಖಾನೆಗಳ ಸಾಲಿನ ಕೊನೆಗೆ ರತ್ನದೀಪನ ಗ್ಯಾರೇಜು. ಎರಡು ತಿಂಗಳಿನಿಂದ ಅವನೂ ಈ ಗಾಡಿಯ ಜೊತೆ ಗುದ್ದಾಡುತ್ತಿದ್ದ. ಪ್ಲಗ್ ಬದಲಿಸಿದ್ದ, ಕಾರ್ಬೊರೇಟರ್ ಬಿಚ್ಚಿ ತೊಳೆದಿದ್ದ, ವೈರು ತಿದ್ದಿದ್ದ. ಅವನು ಓಡಿಸಿ ನೋಡಿದರೆ ಮಾತ್ರ ಗಾಡಿ ಕುದುರೆಯಂತೆ ಓಡುತ್ತಿತ್ತು.

"ಮತ್ತ ನಿಂತಿತೇನ್ರಿ ಕಾಕಾ? ನನ್ನ ಮುಂದ ನಿಲ್ಲಂಗಿಲ್ಲ, ನಿಮ್ಮನ್ನಷ್ಟ ಕಾಡ್ತದ."

"ದಿನಾ ಒಂದ ಪದ್ಯಕ್ಕ ನಿಲ್ತದ, ರತ್ನದೀಪ."

"ಅಂದ್ರ ಗಾಡಿಗೂ ಪದ್ಯ ಬಾಯಿಪಾಠ ಆತೇನ್ರಿ?"

"ನಗಬ್ಯಾಡೋ. ಮುಚ್ಚಳ ಸಡಲ ಮಾಡಿದ್ರ ಗಾಳಿ ಒಳಗ ಜಗ್ಗತದ. ಕೇಳೇನಿ ನಾ."

ರತ್ನದೀಪನ ನಗು ಅರ್ಧಕ್ಕೇ ನಿಂತಿತು. ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಹಣೆ ಹಣೆ ಬಡಿದುಕೊಂಡ. "ಪೆಟ್ರೋಲ ಕೆಳಗ ಇಳದಂಗ ಮ್ಯಾಲಿಂದ ಗಾಳಿ ಹೋಗಬೇಕರಿ. ಇಲ್ಲಂದ್ರ ಒಂದಷ್ಟ ಹೊತ್ತ ಓಡಿದ ಮ್ಯಾಲೆ ಅದು ಇಳಿಯಂಗೇ ಇಲ್ಲ. ಅದಕ್ಕಂತನ ಮುಚ್ಚಳಕ್ಕ ತೂತ ಇರ್ತದ. ನಾ ಪ್ರತಿ ಸಲ ಮೊದಲ ಮುಚ್ಚಳ ತಗದು, ಆಮ್ಯಾಲೆ ಓಡಿಸಿ ನೋಡ್ತಿದ್ನಿ. ನನ್ನ ಮುಂದ ಹ್ಯಾಂಗ ನಿಂತೀತು?"

ಮುಚ್ಚಳವನ್ನು ಬಿಸಿಲಿಗೆ ಹಿಡಿದ. ಕೀಲಿ ಹಾಕುವ ಕಂಡಿಯ ಪಕ್ಕ ಸೂಜಿಮೊನೆಯಷ್ಟು ತೂತು. ಅದರ ಬಾಯಲ್ಲಿ ಏನೋ ಗಾಜಿನಂತೆ ಮಿನುಗುತ್ತಿತ್ತು.

"ಯಾರೋ ಬೇಕಂತನ ಮುಚ್ಯಾರ್ರಿ ಇದನ್ನ!"

ಚಂದ್ರಾಬಾಯಿ ರಸ್ತೆಯ ಕಡೆ ನೋಡುತ್ತ ನಿಂತಿದ್ದಳು. ನಳದ ನೀರನ್ನೂ ಎರಡು ಪದರಿನ ಅರಿವೆಯಲ್ಲಿ ಸೋಸದೆ ಬಾಯಿಗೆ ಹಾಕದವಳು. ಚಾತುರ್ಮಾಸ ಬಂತೆಂದರೆ ಸಣ್ಣ ಜೀವ ಸತ್ತೀತೆಂದು ನೆಲ ನೋಡದೆ ಕಾಲಿಡದವಳು.

"ನಾನರಿ," ಅಂದಳು ಸಣ್ಣ ದನಿಯಲ್ಲಿ. "ಒಂದ ಇರಿವಿ ಅದರಾಗ ಇಳೀತು, ಹೊರಗ ಬರಲಿಲ್ಲ. ಅದರ ಹಿಂದ ಮತ್ತೊಂದು. ಒಳಗ ಪೆಟ್ರೋಲ, ಪಾಪ, ಏನಾಗಿರಬೇಕು? ಸೋನಲಂದು ಉಗುರಬಣ್ಣ ಇತ್ತಲ್ಲ, ಬಣ್ಣ ಇಲ್ಲದ್ದು. ಒಂದ ಹನಿ ಹಚ್ಚಿದ್ನಿ."

ಸೋನಲ ಅವರ ಮೊಮ್ಮಗಳು. ಜಯಪಾಲ ಹೆಂಡತಿಯನ್ನೇ ದಿಟ್ಟಿಸಿದ. "ಎರಡ ತಿಂಗಳ ಈ ಗಾಡಿ ನೂಕೇನಿ ನಾ."

"ನಾ ಏನ ಮ್ಯಾಲೆ ಕುಂತಿದ್ನೇನ್ರಿ? ಹಿಂದಿಂದ ನಾನೂ ನೂಕೇನಿ."

ರತ್ನದೀಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಜಯಪಾಲನಿಗೂ ತಡೆಯಲಾಗಲಿಲ್ಲ. ಸೂಜಿಯಿಂದ ಕೆದರಿ, ಊದಿ ತೂತು ಬಿಡಿಸಿದ ಮೇಲೆ ಚಂದ್ರಾಬಾಯಿ ಕೇಳಿದಳು, "ಮತ್ತ ಇರಿವಿ?"

ಯಾರೂ ನಗಲಿಲ್ಲ. ರತ್ನದೀಪ ಗಲ್ಲ ತುರಿಸಿಕೊಂಡ. "ಗಾಡಿ ನಿಂತಾಗ ಮ್ಯಾಲೆ ಒಂದ ಅರಿವಿ ಕಟ್ಟರಿ ಕಾಕು. ಓಡಸೂ ಮುಂದ ಬಿಚ್ಚರಿ."

ಅಷ್ಟು ಸಾಕಾಗಿತ್ತು ಅವಳಿಗೆ.

ಕುಪವಾಡ ಬಿಟ್ಟೊಡನೆ ವ್ಯಾಪಾರಿ ಮತ್ತೆ ಮನೆ ಬಿಟ್ಟ. ದೋಣಿ ನಡುನೀರಿಗೆ ಬಂದಾಗ ಜಯಪಾಲ ಇಂಜಿನಿನ ಸಪ್ಪಳಕ್ಕೆ ಕಿವಿಗೊಟ್ಟ. ಹಿಂದೆ ಚಂದ್ರಾಬಾಯಿಯ ದನಿಯೂ ಇಳಿಯಿತು. ಗಾಡಿ ಓಡುತ್ತಲೇ ಇತ್ತು. ಅಕ್ಕನ ಓಣಿಯ ತಿರುವಿನಲ್ಲಿ ವ್ಯಾಪಾರಿ ದಡಕ್ಕೆ ಕಾಲಿಟ್ಟ. ಜಯಪಾಲ ಗಾಡಿ ನಿಲ್ಲಿಸಿ ಮೊದಲು ಮಗನಿಗೆ ಫೋನು ಹಚ್ಚಿದ: "ಸಂಮೇದ, ಜ್ಯೋತೆಪ್ಪಗ ನಾಳೆ ಬರಬ್ಯಾಡ ಅನ್ನು. ಗಾಡಿ ನೆಟ್ಟಗಾತು."

ಆದರೆ ಕುಪವಾಡದಲ್ಲಿ ಹೊತ್ತು ಕಳೆದಿತ್ತು. ಕತ್ತಲಾದ ಮೇಲೆ ಗಾಡಿ ಓಡಿಸಿದರೆ ದೀಪಕ್ಕೆ ಹುಳ ಬಂದು ಬಡಿದು ಸಾಯುತ್ತವೆಂದು ಚಂದ್ರಾಬಾಯಿ ಸೂರ್ಯ ಮುಳುಗುವ ಮೊದಲೇ ಮಿರಜ ಬಿಡುವವಳು. ಹಾಸಿಗೆಯ ಬದಿಗೆ ಕುಳಿತು ಪದ್ಯ ಹಿಡಿದಳು. ಅನುಸೂಯಾಬಾಯಿ ತಂಗಿಯ ಬಾಯನ್ನೇ ನೋಡುತ್ತ, ಪದ್ಯಕ್ಕೊಮ್ಮೆ ಗಂಟಲಿನಿಂದ ಒಂದು ಸ್ವರ ಎತ್ತಿ ಕೊಟ್ಟಳು. ದೋಣಿ ನಡುನೀರಿಗೆ ಬರುವಾಗ ಕಿಟಕಿಯ ಬೆಳಕು ಕೆಂಪಾಗಿತ್ತು.

ಚಂದ್ರಾಬಾಯಿ ನಿಲ್ಲಿಸಿದಳು. "ಅಕ್ಕಾ, ಹೊತ್ತ ಮುಳಗಾಕ ಬಂತು. ಇವತ್ತ ದೋಣಿ ಇಲ್ಲೇ ಇರಲಿ. ನಾಳೆ ದಡಕ್ಕ ಹಚ್ಚೂಣು. ಹೋಗಿ ಬರಲ್ಯಾ?"

ಅನುಸೂಯಾಬಾಯಿಯ ಎಡಗೈ ಮೇಲೆದ್ದು ತಂಗಿಯ ಸೆರಗು ಹಿಡಿಯಿತು. ತುಟಿಗಳು ದುಂಡಗಾದವು. ಬಾಗಿಲಲ್ಲಿ ನಿಂತ ಜಯಪಾಲ ಕೈಯಲ್ಲಿದ್ದ ಕೀಲಿಗಳು ಸಪ್ಪಳ ಮಾಡದಂತೆ ಮುಷ್ಟಿ ಬಿಗಿಹಿಡಿದ.

"ಒಲ್ಲೆ," ಅಂದಳು ಅನುಸೂಯಾಬಾಯಿ.