ಗುರವ್ವನ ತಲೆಯ ಮೇಲೆ ಒಡೆದ ತತ್ತಿ

ಗುರವ್ವ ಧಾರವಾಡದಿಂದ ಪರದೇಶದ ರೌಂಡ್ ರಾಕ್ ಊರಿಗೆ ಬಂದು ಎರಡು ತಿಂಗಳಾಗಿತ್ತು. ಮಗ ಮೋಹನರಾಜ ಕಂಪ್ಯೂಟರ್ ಕಂಪನಿಯೊಂದರಲ್ಲಿ ಇಂಜಿನಿಯರ್. ಸೊಸೆ ವಿದ್ಯಾವತಿ ಮನೆಯಲ್ಲಿದ್ದು ಐದು ವರ್ಷದ ಪ್ರಗತಿಯನ್ನು ನೋಡಿಕೊಳ್ಳುತ್ತಿದ್ದಳು. ಬಂದ ದಿನವೇ ಗುರವ್ವ ಫ್ರಿಜ್ ತೆರೆದು, ಒಳಗೆ ತತ್ತಿ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಗೆ ಅದು ಬರಕೂಡದೆಂಬುದು ಅವರ ಮಾತು.

ಪಕ್ಕದ ಮನೆಯ ಡೊಲೊರೆಸ್ ಮೆಕ್ಸಿಕೋ ಮೂಲದವಳು, ಹೆಚ್ಚುಕಡಿಮೆ ಗುರವ್ವನ ವಯಸ್ಸಿನವಳೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಬೇಲಿಯ ಮೇಲಿಂದ ಕೊತ್ತಂಬರಿ, ಹಸಿಮೆಣಸಿನಕಾಯಿ ಅತ್ತಿಂದಿತ್ತ ಓಡಾಡುತ್ತಿದ್ದವು. 2003ರ ಏಪ್ರಿಲ್‌ನಲ್ಲಿ ಡೊಲೊರೆಸ್, ಈಸ್ಟರ್ ಭಾನುವಾರ ನಮ್ಮವರೆಲ್ಲ ಪಾರ್ಕಿನಲ್ಲಿ ಸೇರುತ್ತೇವೆ, ನೀವೂ ಬನ್ನಿ ಎಂದು ವಿದ್ಯಾವತಿಯನ್ನು ಕರೆದಳು.

ಗುರವ್ವನ ಮನೆಯವರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟರು. ದಾರಿಯ ಎರಡೂ ಬದಿಯ ನೀಲಿ ಕಾಡುಹೂಗಳ ಕಾಲ ಮುಗಿಯುತ್ತ ಬಂದಿತ್ತು. ಪಾರ್ಕಿನಲ್ಲಿ ಡೊಲೊರೆಸ್‌ಳ ಮಕ್ಕಳು, ಮೊಮ್ಮಕ್ಕಳು ಮರದಡಿ ಟೇಬಲ್ ಹಾಕಿದ್ದರು. ಒಂದು ಬುಟ್ಟಿಯ ತುಂಬ ಬಣ್ಣ ಬಳಿದ ತತ್ತಿಗಳಿದ್ದವು. ಗುರವ್ವ ನೋಡಿಯೂ ನೋಡದವರಂತೆ ಕುರ್ಚಿ ತಿರುಗಿಸಿಕೊಂಡು ಕೂತರು.

ಊಟ ಮುಗಿಯುವಷ್ಟರಲ್ಲಿ ಮಕ್ಕಳು ಬುಟ್ಟಿಗೆ ಕೈಹಾಕಿ ಒಬ್ಬರ ತಲೆಗೊಬ್ಬರು ತತ್ತಿ ಒಡೆಯತೊಡಗಿದರು. ಇದೇನೆಂದು ಗುರವ್ವ ತಿರುಗುವುದರೊಳಗೆ ಡೊಲೊರೆಸ್ ಹಿಂದಿನಿಂದ ಬಂದು ಅವರ ನೆತ್ತಿಯ ಮೇಲೂ ಒಂದನ್ನು ಟಪ್ಪೆಂದು ಒಡೆದಳು.

"ಶಿವಶಿವಾ! ವಿದ್ಯಾ, ನನ್ನ ತೆಲಿ ಮ್ಯಾಲೆ ತತ್ತಿ ಒಡದ್ಲಲ್ಲ!" ಗುರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದರು.

"ಅಜ್ಜಿ, ಇಟ್ಸ್ ಜಸ್ಟ್ ಪೇಪರ್!" ಎಂದು ಪ್ರಗತಿ ಕುಣಿದಳು.

ವಿದ್ಯಾವತಿ ಓಡಿಬಂದಳು. "ಹಸಿ ತತ್ತಿ ಅಲ್ರೀ ಅತ್ತಿ. ಒಳಗಿಂದೆಲ್ಲಾ ತಗದು, ತೊಳದು, ಬಣ್ಣದ ಕಾಗದ ತುಂಬಿರ್ತಾರ. ಯಾರ ತೆಲಿ ಮ್ಯಾಲೆ ಒಡೀತಾರ ಅವರಿಗೆ ವರ್ಷ ಪೂರ್ತಿ ಒಳ್ಳೇದಾಗ್ತದಂತ."

ಗುರವ್ವ ಸೆರಗು ಇಳಿಸಿದರು. ಕೆಂಪು, ಹಳದಿ, ಹಸಿರು ಚೂರುಗಳು ಬಿಳಿ ಸೀರೆಯ ಮೇಲೆಲ್ಲ ಉದುರಿದ್ದವು. ಡೊಲೊರೆಸ್ ಗಾಬರಿಯಿಂದ ಎರಡೂ ಕೈ ಎದೆಗೊತ್ತಿಕೊಂಡು ಏನೋ ಹೇಳುತ್ತಿದ್ದಳು. ತಪ್ಪಾಯಿತು ಎನ್ನುತ್ತಿದ್ದಾಳೆಂದು ಯಾರಿಗಾದರೂ ಗೊತ್ತಾಗುವಂತಿತ್ತು.

ಗಂಡ ಸಿದ್ರಾಮಪ್ಪ ತೀರಿಕೊಂಡ ಮೇಲೆ ಧಾರವಾಡದಲ್ಲಿ ಮೂರು ಹೋಳಿ ಕಳೆದಿದ್ದವು. ಓಣಿಯ ಹೆಂಗಸರು ಬಣ್ಣದ ತಟ್ಟೆ ಹಿಡಿದು ಮನೆಮನೆಗೆ ಬರುತ್ತಿದ್ದರು. ಗುರವ್ವನಿಗೆ ಯಾರೂ ಬೇಡ ಎಂದಿರಲಿಲ್ಲ. ಮಾತಾಡಿಸಿ, ಆರೋಗ್ಯ ವಿಚಾರಿಸಿ, ಬಣ್ಣ ಹಚ್ಚದೆ ಮುಂದಿನ ಮನೆಗೆ ದಾಟುತ್ತಿದ್ದರು.

"ನಾ ಗಂಡ ಇಲ್ಲದಾಕಿ ಅಂತ ಇಕಿಗೆ ಗೊತ್ತೈತೇನು?" ಎಂದು ಸೊಸೆಯನ್ನು ಕೇಳಿದರು.

"ಗೊತ್ತೈತ್ರಿ. ನಾನ ಹೇಳಿದ್ದೆ. ಅವರ ಗಂಡನೂ ಹೋಗಿ ಹನ್ನೊಂದು ವರ್ಷ ಆತಂತ."

ಗುರವ್ವ ಡೊಲೊರೆಸ್‌ಳನ್ನು ನೋಡಿದರು. ಅವಳ ಬೆಳ್ಳಗಿನ ಕೂದಲ ತುಂಬ ಮೊಮ್ಮಕ್ಕಳು ಒಡೆದ ತತ್ತಿಗಳ ಕಾಗದದ ಚೂರುಗಳು ಸಿಕ್ಕಿಕೊಂಡಿದ್ದವು. "ಒಂದು ಕೊಡು ಇಲ್ಲೆ," ಎಂದು ಪ್ರಗತಿಯತ್ತ ಕೈ ಚಾಚಿದರು.

ಅರವತ್ತೆರಡು ವರ್ಷಗಳಲ್ಲಿ ಅವರು ತತ್ತಿ ಮುಟ್ಟಿದ್ದು ಅದೇ ಮೊದಲು. ಇಷ್ಟು ಹಗುರವಿರುತ್ತದೆಂದು ಅಂದುಕೊಂಡಿರಲಿಲ್ಲ. ಡೊಲೊರೆಸ್ ನಗುತ್ತ ತಲೆ ಬಗ್ಗಿಸಿದಳು. ಗುರವ್ವ ಮೆಲ್ಲಗೆ ಬಡಿದರು, ಒಡೆಯಲಿಲ್ಲ. ಎರಡನೆಯ ಸಲ ಜೋರಾಗಿಯೇ ಕುಟ್ಟಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದವರೇ, "ಅಡಿಗಿಮನಿಗೆ ನಾ ಈಗ ಬರಂಗಿಲ್ಲ, ಮೊದಲ ತೆಲಿಮ್ಯಾಲೆ ನೀರು ಹಾಕ್ಕೋತೀನಿ," ಎಂದು ಬಚ್ಚಲಿಗೆ ಹೋದರು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಮಗನಿಗೆ ಹೇಳಿ ಧಾರವಾಡದ ತಂಗಿಗೆ ಫೋನ್ ಹಚ್ಚಿಸಿದರು.

"ಇವತ್ತ ಇಲ್ಲೆ ಬಣ್ಣ ಆಡಿದ್ವಿ," ಎಂದರು. "ಹೂಂ, ನಾನೂ ಆಡಿದೆ."